ಮಂಗಳವಾರದ ಕೋಣೆ

ಅಕ್ಟೋಬರ್ 15, ಮಂಗಳವಾರ

ಗಣಿತದ ಪರೀಕ್ಷೆ ಶುರುವಾದ ಸ್ವಲ್ಪ ಹೊತ್ತಿಗೆ ಅರ್ಗಿರೋ ಪೆನ್ನು ಕೆಳಗಿಟ್ಟು ಎದ್ದು ಹೊರಗೆ ಹೋದಳು. ಯಾರನ್ನೂ ಕೇಳಲಿಲ್ಲ. "ಏನಮ್ಮಾ, ಉತ್ತರ ವರಾಂಡದಲ್ಲಿ ಸಿಗುತ್ತಾ?" ಅಂದರು ಮೇಷ್ಟ್ರು. ತರಗತಿ ನಕ್ಕಿತು. ನಾನು ನಗಲಿಲ್ಲ. ಒಂದನೇ ಕ್ಲಾಸಿನಿಂದ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತವಳು ನಾನು. ಅವಳ ಕೈ ನಡುಗಿದರೆ ನನ್ನ ಅಕ್ಷರ ಸೊಟ್ಟಗಾಗುತ್ತದೆ.

ನಾನೂ ಎದ್ದು ಅವಳ ಹಿಂದೆ ಹೋದೆ. ಶೌಚಾಲಯದ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. "ಉಸಿರು ಸಿಗ್ತಿಲ್ಲ ಕಣೇ ಲಾಂಬ್ರಿನಿ. ಈ ಸಲ ನಿಜವಾಗ್ಲೂ ಸಾಯ್ತೀನಿ" ಅಂದಳು. ಹೋದ ಸಲವೂ ಹೀಗೇ ಅಂದಿದ್ದಳು. ತೋಳು ಹಿಡಿದು ಎಬ್ಬಿಸಿ ಮಂಗಳವಾರದ ಕೋಣೆಗೆ ಕರೆದುಕೊಂಡು ಹೋದೆ.

ಆ ಹೆಸರು ನಾವೇ ಇಟ್ಟಿದ್ದು. ವಾರದ ಉಳಿದ ದಿನಗಳಲ್ಲಿ ಅದು ವ್ಯಾಯಾಮದ ಚಾಪೆ, ಮೆರವಣಿಗೆಯ ಬಾವುಟ, ಹರಿದ ಭೂಪಟ ತುಂಬಿದ ಉಗ್ರಾಣ. ಮಂಗಳವಾರ ಮಾತ್ರ ಎರಡು ಕುರ್ಚಿ ಹಾಕಿಕೊಂಡು ಥೆಕ್ಲಾ ಮೇಡಂ ಕೂರುತ್ತಾರೆ. ಅವರು ಕೌನ್ಸೆಲರ್. ಐದು ಶಾಲೆಗೆ ಅವರೊಬ್ಬರೇ, ದಿನಕ್ಕೊಂದು ಶಾಲೆ. ಹಾಗಾಗಿ ನಮ್ಮ ಶಾಲೆಯವರು ದುಃಖಪಡುವುದಾದರೆ ಮಂಗಳವಾರವೇ ಪಡಬೇಕು ಎಂದು ಸರ್ಕಾರದ ತೀರ್ಮಾನ.

ಮೇಡಂ ಅವಳಿಗೆ ನೀರು ಕೊಟ್ಟರು. ಉಸಿರು ಹದಕ್ಕೆ ಬರುವವರೆಗೆ ಏನೂ ಮಾತಾಡದೆ ಪಕ್ಕದಲ್ಲಿ ಕೂತರು. ಆಮೇಲೆ, ಇನ್ನು ಮುಂದೆ ಬರಬೇಕಾದರೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಬೇಕು ಅಂದರು. ಅರ್ಗಿರೋಳ ಅಮ್ಮ ಹಾಕುತ್ತಾಳೆ. ಅಪ್ಪ ಕಲ್ಲಿದ್ದಲು ಗಣಿಯ ಕೆಲಸ ಹೋದ ಮೇಲೆ ಜರ್ಮನಿಯ ಒಂದು ಗೋದಾಮಿನಲ್ಲಿದ್ದಾನೆ. ರಾಷ್ಟ್ರೀಯ ಹಬ್ಬಕ್ಕೆ ಬರುತ್ತಾನಂತೆ. ಅಲ್ಲಿಯವರೆಗೆ ಅವಳು ಉಸಿರಾಡಬಾರದೇ?

ಹೊರಗಿನ ಕೌನ್ಸೆಲರ್ ಆದರೆ ಒಂದು ಗಂಟೆಗೆ ಐವತ್ತು ಯೂರೋ. ಅರ್ಗಿರೋಳ ಅಮ್ಮ ದಿನವಿಡೀ ಬೇಕರಿಯಲ್ಲಿ ನಿಂತರೂ ಅಷ್ಟು ಸಿಗುವುದಿಲ್ಲ. ಅಜ್ಜನ ಪೆಟ್ಟಿಗೆಯ ಕರಪತ್ರಗಳಲ್ಲಿ ಒಂದು ಸಾಲಿದೆ: ಬೇಕಾದವನಿಗೆ ಸಿಗದೆ, ಕೊಳ್ಳಬಲ್ಲವನಿಗೆ ಮಾತ್ರ ಸಿಗುವ ಔಷಧ ಔಷಧವಲ್ಲ, ಆಭರಣ. ಅಜ್ಜ ಗಣಿ ಸಂಘದಲ್ಲಿದ್ದಾಗ ಹಂಚಿದ್ದು. ಅಜ್ಜ ಹೋದರು, ಪೆಟ್ಟಿಗೆ ನನಗೆ ಬಂತು. ಪೆಟ್ಟಿಗೆಯಲ್ಲಿದ್ದದ್ದೆಲ್ಲ ಓದಿ ಮುಗಿಸಿದ್ದೇನೆ. ಓದಿ ಸುಮ್ಮನೆ ಕೂರಲು ನನ್ನಿಂದಾಗುವುದಿಲ್ಲ.


ಅಕ್ಟೋಬರ್ 20, ಭಾನುವಾರ

ಊಟದ ಹೊತ್ತಿಗೆ ಅಪ್ಪನನ್ನು ಕೇಳಿದೆ. ನನ್ನ ಭೌತಶಾಸ್ತ್ರದ ಟ್ಯೂಷನ್ ಬಿಡಿಸಿ, ಆ ದುಡ್ಡು ಅರ್ಗಿರೋಗೆ ಕೊಡೋಣ ಅಂದೆ.

ಅಪ್ಪ ಫೋರ್ಕ್ ಕೆಳಗಿಟ್ಟ. "ನೀನು ಮೊದಲು ಡಾಕ್ಟರ್ ಆಗು ಮಗಳೇ. ಆಮೇಲೆ ಊರಿಗೆಲ್ಲ ಪುಕ್ಕಟೆ ಮದ್ದು ಕೊಡುವೆಯಂತೆ."

"ಅಷ್ಟು ಹೊತ್ತಿಗೆ ಅವಳಿಗೆ ಏನಾದ್ರೂ ಆದ್ರೆ?"

"ಏನೂ ಆಗಲ್ಲ. ನಮ್ಮ ಕಾಲದಲ್ಲಿ ಇವೆಲ್ಲ ಇತ್ತಾ? ಗಣಿಯಲ್ಲಿ ಪಾಳಿ ಮುಗಿಸಿ ಬಂದ್ರೆ ನಿದ್ದೆ ಬರ್ತಿತ್ತು, ಮನಸ್ಸು ಎಲ್ಲಿದೆ ಅಂತ ಹುಡುಕೋಕೂ ಪುರುಸೊತ್ತಿರ್ಲಿಲ್ಲ."

ಅಮ್ಮ "ಪಾಪ ಆ ಹುಡುಗಿ" ಎಂದು ನನ್ನ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದಳು. ಈ ಊರಿನಲ್ಲಿ ಕನಿಕರವೆಂದರೆ ಇಷ್ಟೇ, ಯಾರದೋ ಹೆಸರು ಹೇಳಿ ನಮ್ಮ ತಟ್ಟೆಗೇ ಬಡಿಸಿಕೊಳ್ಳುವುದು.

ಇಲ್ಲಿ ಸಾಲ ಮಾಡಿ ಮಕ್ಕಳನ್ನು ಟ್ಯೂಷನ್‌ಗೆ ಕಳಿಸದ ಮನೆಯಿಲ್ಲ. ಗಣಿತಕ್ಕಿದೆ, ಇಂಗ್ಲಿಷಿಗಿದೆ, ಪ್ರಬಂಧಕ್ಕಿದೆ. ಉಸಿರಿಗಿಲ್ಲ.


ಅಕ್ಟೋಬರ್ 28, ಸೋಮವಾರ

ರಾಷ್ಟ್ರೀಯ ಹಬ್ಬದ ಮೆರವಣಿಗೆ ಮುಗಿದ ಮೇಲೆ ಚೌಕದ ಹತ್ತಿರ ಅರ್ಗಿರೋಳ ಅಪ್ಪ ಸಿಕ್ಕ. ತೆಳ್ಳಗಾಗಿದ್ದಾನೆ, ಜರ್ಮನಿಯ ಜಾಕೆಟ್ ಹಾಕಿದ್ದಾನೆ. ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದ. ಹಾಕುವ ಮೊದಲು ಸುತ್ತ ನೋಡಿದ.

"ಲಾಂಬ್ರಿನಿ, ನೀನು ಮನೆ ಮಗಳಿದ್ದ ಹಾಗೆ. ಇದು ಊರಲ್ಲಿ ಬೇಡ. ನಾಳೆ ಇವಳಿಗೊಂದು ಕೆಲಸ, ಮದುವೆ ಅಂತ ಬಂದಾಗ ಹುಚ್ಚಿ ಅಂತಾರೆ."

"ಯಾರಿಗೂ ಹೇಳಲ್ಲ, ಮಾವ" ಅಂದೆ. ನಾಚಿಕೆಪಡಬೇಕಾದವರು ನೀವಲ್ಲ, ಸರ್ಕಾರ ಎಂದೂ ಹೇಳಬೇಕಿತ್ತು. ಅಷ್ಟರಲ್ಲಿ ಅವನು ಕಾಗದವನ್ನು ಸಣ್ಣದಾಗಿ ಮಡಚಿ, ಯಾರಿಗೂ ಕಾಣದ ಹಾಗೆ ನನ್ನ ಕೈಗಿಟ್ಟ.


ಅಕ್ಟೋಬರ್ 29, ಮಂಗಳವಾರ

ಮೊದಲ ಭೇಟಿ. ನಾನು ಹೊರಗೆ ತೆಗೆದಿಟ್ಟ ಚಾಪೆಗಳ ಮೇಲೆ ಕಾದು ಕೂತಿದ್ದೆ. ಅವಳು ಬಂದು ನೇರ ಕ್ಯಾಂಟೀನಿಗೆ ಹೋದಳು. ಒಂದು ಇಡೀ ಚೀಸ್ ಪಫ್ ತಿಂದಳು. ಸೆಪ್ಟೆಂಬರಿನಿಂದ ಅವಳು ಯಾವುದನ್ನೂ ಪೂರ್ತಿ ತಿಂದದ್ದನ್ನು ನಾನು ನೋಡಿಲ್ಲ.

"ಏನು ಮಾತಾಡಿದ್ರಿ?"

"ಆ ಕೋಣೇಲಿ ಎಷ್ಟು ಧೂಳಿದೆ ಅಂತ."

"ಅಷ್ಟೇನಾ?"

"ಧೂಳು ತುಂಬಾ ಇದೆ ಕಣೇ" ಎಂದು ನಕ್ಕಳು. ತುಟಿಯ ಮೇಲೆ ಪಫ್ಸಿನ ಪುಡಿ ಇತ್ತು.

ಆರಂಭದ ಕೆಲವು ವಾರ ತಪ್ಪಿಸಬಾರದು ಎಂದು ಮೇಡಂ ಹೇಳಿದ್ದಾರಂತೆ. ನಾನು ಮೇಡಂ ಹತ್ತಿರ ಹೋಗಿ, ಇನ್ನೂ ಎಷ್ಟು ಜನ ಕಾಯುತ್ತಿದ್ದಾರೆ ಎಂದು ಕೇಳಿದೆ. ಹೆಸರು ಬರೆದಿದ್ದ ಪುಟವನ್ನು ಕೈಯಿಂದ ಮುಚ್ಚಿದರು. ಪುಟ ತುಂಬಿದ್ದು ಕಂಡಿತ್ತು, ನನಗೆ ಅಷ್ಟು ಸಾಕು. ಒಬ್ಬಳೇ ಅರ್ಗಿರೋ ಅಲ್ಲ, ಶಾಲೆ ತುಂಬ ಅರ್ಗಿರೋಗಳಿದ್ದಾರೆ! ಪ್ರತಿ ಶಾಲೆಗೆ ಒಬ್ಬರು ಕೌನ್ಸೆಲರ್, ಪ್ರತಿ ದಿನ, ಪುಕ್ಕಟೆಯಾಗಿ. ಇದು ಬೇಡಿಕೆ. ಬೇಡಿಕೆ ಎನ್ನುವುದೂ ತಪ್ಪು, ಹಕ್ಕು.

ಶಾಲೆ ಹಿಡಿಯಬೇಕು. ಪ್ರತಿ ವರ್ಷ ಚಳಿಗಾಲದ ಮುಂಚೆ ಯಾವುದಾದರೊಂದು ನೆಪಕ್ಕೆ ಹುಡುಗರು ಗೇಟಿಗೆ ಸರಪಳಿ ಹಾಕಿ ಶಾಲೆ ಹಿಡಿಯುತ್ತಾರೆ. ಹೋದ ವರ್ಷ ಹೀಟರ್ ಕೆಟ್ಟಿತ್ತು, ಅದರ ಹಿಂದಿನ ವರ್ಷ ಪರೀಕ್ಷೆ ಇತ್ತು. ಈ ವರ್ಷವಾದರೂ ನಿಜವಾದ ಕಾರಣಕ್ಕೆ ಹಿಡಿಯೋಣ.


ನವೆಂಬರ್ 1, ಶುಕ್ರವಾರ

ಗೆದ್ದೆವು!

ಅಂಗಳದಲ್ಲಿ ಸಾಮಾನ್ಯ ಸಭೆ. ವಿದ್ಯಾರ್ಥಿ ಮಂಡಳಿಯ ಅಧ್ಯಕ್ಷ ಪಾಸ್ಚಾಲಿಸ್ ಮೈಕ್ ಕೊಡುವಾಗ "ಎರಡೇ ನಿಮಿಷ ಕಣೇ, ನಿನ್ನ ಕರಪತ್ರ ಪೂರ್ತಿ ಓದ್ಬೇಡ, ಜನ ಮನೆಗೆ ಹೋಗ್ತಾರೆ" ಅಂದ. ಶುರುವಿನಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಹಿಂದಿನ ಸಾಲಿನವರು ಚೆಂಡು ಒದೆಯುತ್ತಿದ್ದರು. ಆಗ ನಾನು ಕಾಗದ ಮಡಚಿ, ನಮ್ಮ ತರಗತಿಯ ಒಬ್ಬ ಹುಡುಗಿಯ ಬಗ್ಗೆ ಹೇಳಿದೆ. ಶೌಚಾಲಯದ ನೆಲ, ಸಿಗದ ಉಸಿರು, ಜರ್ಮನಿಯಿಂದ ಬರಬೇಕಾದ ಸಹಿ, ಬೇಕರಿಯಲ್ಲಿ ನಿಲ್ಲುವ ತಾಯಿ. ಹೆಸರು ಹೇಳಲಿಲ್ಲ. ಚೆಂಡು ನಿಂತಿತು. ಆಮೇಲೆ ಶಾಲೆ ಹಿಡಿಯಲು ಒಪ್ಪಿ ಕೈಗಳು ಮೇಲೆದ್ದವು, ಗೋಡೆಯ ತನಕ ಕೈಗಳು.

ಅರ್ಗಿರೋ ಸಭೆಯಲ್ಲಿ ಎಲ್ಲಿದ್ದಳೋ ಕಾಣಲಿಲ್ಲ. ಬೇಗ ಮನೆಗೆ ಹೋಗಿರಬೇಕು.

ಸಂಜೆ ಅಜ್ಜನ ಪೆಟ್ಟಿಗೆಯಲ್ಲಿ ಮುಷ್ಕರದ ನಿಯಮಗಳನ್ನು ಮತ್ತೆ ಓದಿದೆ. ಗಣಿಯಲ್ಲಿ ಎಷ್ಟೇ ಬಿಗಿ ಮುಷ್ಕರವಾದರೂ ನೀರೆತ್ತುವ ಪಂಪಿನ ಹತ್ತಿರ ನಾಲ್ಕು ಜನರನ್ನು ಬಿಟ್ಟಿರಲೇಬೇಕಂತೆ, ಇಲ್ಲದಿದ್ದರೆ ಗೆದ್ದು ವಾಪಸ್ಸು ಬರುವಷ್ಟರಲ್ಲಿ ಗಣಿಯೇ ಮುಳುಗಿರುತ್ತದೆ. ಪುಣ್ಯಕ್ಕೆ ಶಾಲೆಯಲ್ಲಿ ಮುಳುಗುವಂಥದ್ದು ಏನೂ ಇಲ್ಲ. ಆ ಪುಟ ಬಿಟ್ಟು ಮುಂದಿನದಕ್ಕೆ ಗುರುತು ಹಾಕಿದೆ.


ನವೆಂಬರ್ 4, ಸೋಮವಾರ

ಬೆಳಕು ಹರಿಯುವ ಮೊದಲೇ ಸರಪಳಿ ಬಿತ್ತು. ಬೆಂಚುಗಳನ್ನು ಗೇಟಿಗೆ ಅಡ್ಡ ಪೇರಿಸಿದೆವು. ಬೆಡ್‌ಶೀಟಿನ ಮೇಲೆ ಕೆಂಪು ಬಣ್ಣದಲ್ಲಿ ನಾನೇ ಬರೆದೆ: ಮನಸ್ಸಿಗೂ ಮದ್ದು, ಪುಕ್ಕಟೆ ಮದ್ದು. ಅದರ ಕೆಳಗೆ ನಿಯಮ: ದೊಡ್ಡವರ್ಯಾರಿಗೂ ಒಳಗೆ ಪ್ರವೇಶವಿಲ್ಲ. ಆ ನಿಯಮಕ್ಕೆ ಒತ್ತಾಯಿಸಿದ್ದೂ ನಾನೇ. ಹೋದ ವರ್ಷ ಒಬ್ಬ ಮೇಷ್ಟ್ರು ಟೀ ಕುಡಿಯುವ ನೆಪದಲ್ಲಿ ಒಳಗೆ ಬಂದು, ಎರಡೇ ದಿನಕ್ಕೆ ಹೋರಾಟ ಮುರಿದಿದ್ದರು.

ಕೀಲಿ ನನ್ನ ಕೊರಳಿನಲ್ಲಿದೆ. ಪಾಸ್ಚಾಲಿಸ್ "ಅಯ್ಯೋ, ಜೈಲರಮ್ಮ ಬಂದ್ಲು, ದಾರಿ ಬಿಡ್ರೋ" ಅನ್ನುತ್ತಾನೆ. ಅನ್ನಲಿ. ಡೋಲಿನಂತೆ ಡಬ್ಬ ಬಾರಿಸುತ್ತಿದ್ದಾರೆ, ಯಾರೋ ಸಾಸೇಜ್ ಸುಡುತ್ತಿದ್ದಾರೆ. ನನಗೆ ಹಸಿವೇ ಆಗಲಿಲ್ಲ. ನನ್ನ ಜೀವನ ಇವತ್ತು ಶುರುವಾಯಿತು ಅನ್ನಿಸುತ್ತದೆ.


ನವೆಂಬರ್ 5, ಮಂಗಳವಾರ

ಎರಡನೇ ಪಿರಿಯಡ್ಡಿನ ಹೊತ್ತಿಗೆ ಥೆಕ್ಲಾ ಮೇಡಂ ಗೇಟಿಗೆ ಬಂದರು. ಇವತ್ತು ಮಂಗಳವಾರ ಎಂಬುದು ಅವರನ್ನು ನೋಡಿದ ಮೇಲೆ ನೆನಪಾಯಿತು.

"ಲಾಂಬ್ರಿನಿ, ಒಂದು ಗಂಟೆ ಬಿಡಮ್ಮ. ಅರ್ಗಿರೋ ಬರ್ತಾಳೆ. ನಾನು ಹೋದ ಮೇಲೆ ಮತ್ತೆ ಸರಪಳಿ ಹಾಕ್ಕೋ."

"ಮೇಡಂ, ನಾವು ಹೋರಾಡ್ತಿರೋದೇ ನಿಮಗೋಸ್ಕರ."

"ಗೊತ್ತು. ಅದಕ್ಕೇ ಕೇಳ್ತಿದೀನಿ."

ಪಾಸ್ಚಾಲಿಸ್ ನನ್ನ ಕಿವಿಯಲ್ಲಿ "ಇವರನ್ನ ಬಿಟ್ರೆ ನಾಳೆ ಗಣಿತದ ಮೇಷ್ಟ್ರೂ 'ನಾನೂ ಮನಸ್ಸಿನ ಡಾಕ್ಟರೇ' ಅಂತ ಬರ್ತಾರೆ ನೋಡು. ಆದ್ರೂ ಕೀಲಿ ನಿನ್ನ ಹತ್ರ ಇದೆ, ನೀನೇ ಹೇಳು" ಅಂದ.

ಎಲ್ಲರೂ ನನ್ನನ್ನು ನೋಡುತ್ತಿದ್ದರು.

"ಹೊರಗಡೆ ಕಾಫಿ ಅಂಗಡೀಲಿ ಕೂತು ಮಾತಾಡಿ ಮೇಡಂ" ಅಂದೆ.

"ಶಾಲೆ ಆಚೆ ಅವಳ ಜೊತೆ ಕೂತರೆ ನನ್ನ ಕೆಲಸ ಹೋಗುತ್ತೆ. ಅವರಪ್ಪ ಸಹಿ ಹಾಕಿರೋದು ಈ ಕಾಂಪೌಂಡ್ ಒಳಗಿನ ಕೋಣೆಗೆ. ರಸ್ತೆಗಲ್ಲ."

ಆಗ ರಸ್ತೆಯ ಆಚೆ, ಪತ್ರಿಕೆ ಮಾರುವ ಪೆಟ್ಟಿಗೆ ಅಂಗಡಿಯ ಪಕ್ಕದಲ್ಲಿ ಅರ್ಗಿರೋ ಕಂಡಳು. ಅವಳಮ್ಮನ ಕಂದು ಕೋಟು ಹಾಕಿಕೊಂಡಿದ್ದಳು. ಬೆಡ್‌ಶೀಟ್ ನೋಡಿದಳು, ಡಬ್ಬ ಬಾರಿಸುವ ಹುಡುಗರನ್ನು ನೋಡಿದಳು, ಮೇಡಂ ಕಡೆ ನೋಡಿದಳು. ಯಾರೋ ಹಿಂದಿನಿಂದ "ಅವಳೇ ಕಣೋ" ಅಂದದ್ದು ನನಗೆ ಕೇಳಿಸಿತು. ಅವಳಿಗೆ ಅಷ್ಟು ದೂರಕ್ಕೆ ಕೇಳಿಸಿರಲಾರದು.

ಅವಳು ತಿರುಗಿ ಹೋದಳು.

ನಾನು ಗೇಟು ತೆರೆಯಲಿಲ್ಲ. ಒಬ್ಬಳಿಗಾಗಿ ತೆರೆದರೆ, ಎಲ್ಲರಿಗಾಗಿ ಮುಚ್ಚಿದ್ದಕ್ಕೆ ಅರ್ಥವೇನು? ಒಂದು ವಾರ. ಒಂದು ವಾರ ತಡೆದರೆ ಅವಳಿಗೆ ದಿನವೂ ಮೇಡಂ ಸಿಗುತ್ತಾರೆ. ಅರ್ಗಿರೋಗೆ ಅರ್ಥವಾಗುತ್ತದೆ. ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಅರ್ಥವಾಗುತ್ತದೆ.

ಮೇಡಂ ಶಾಲೆ ಬಿಡುವ ಹೊತ್ತಿನವರೆಗೆ ಎದುರಿನ ಬಸ್ ನಿಲ್ದಾಣದಲ್ಲಿ ಕೂತಿದ್ದು ಹೋದರು.


ನವೆಂಬರ್ 7, ಗುರುವಾರ

ಅರ್ಗಿರೋ ಫೋನ್ ಎತ್ತುತ್ತಿಲ್ಲ. ಮಲಗಿರಬಹುದು.


ನವೆಂಬರ್ 12, ಮಂಗಳವಾರ

ಊರಿನ ಟಿವಿಯವರು ಬಂದಿದ್ದರು. ನಾನು ಮಾತಾಡಿದೆ. ಚೆನ್ನಾಗಿ ಮಾತಾಡಿದೆನಂತೆ.

ಮೇಡಂ ಇವತ್ತೂ ಬಂದು ನಿಲ್ದಾಣದಲ್ಲಿ ಕೂತಿದ್ದರು. ಗೇಟಿನ ಹತ್ತಿರ ಬರಲಿಲ್ಲ. ಪೆಟ್ಟಿಗೆ ಅಂಗಡಿಯ ಕಡೆ ಆಗಾಗ ನೋಡುತ್ತಿದ್ದೆ. ಕಂದು ಕೋಟು ಕಾಣಲಿಲ್ಲ.

ಸಂಜೆ ಕಾವಲಿನವರಿಗೆ ಬ್ರೆಡ್ ತರಲು ಬೇಕರಿಗೆ ಹೋದೆ. ಅರ್ಗಿರೋಳ ಅಮ್ಮ ಒಬ್ಬಳೇ ಇದ್ದಳು. ಬ್ರೆಡ್ಡುಗಳನ್ನು ಚೀಲಕ್ಕೆ ತುಂಬುತ್ತಾ, ತಲೆ ಎತ್ತದೆ ಹೇಳಿದಳು: "ಒಬ್ಬ ಗಿರಾಕಿ ಬಂದು ಕೇಳ್ತಾಳೆ, 'ಮೈಕಲ್ಲಿ ಹೇಳಿದ ಹುಡುಗಿ ನಿನ್ನ ಮಗಳಂತಲ್ಲ, ಪಾಪ' ಅಂತ. ಇನ್ನೊಬ್ಳು ಏನೂ ಕೇಳಲ್ಲ, ಚಿಲ್ಲರೆ ಬೇಡ ಇಟ್ಕೋ ಅಂತಾಳೆ. ನಾನು ಇಲ್ಲಿ ಬ್ರೆಡ್ ಮಾರ್ತೀನಮ್ಮ. ನೀನು ನನ್ನ ಮಗಳನ್ನ ಮಾರಿದೆ."

"ನಾನು ಹೆಸರು ಹೇಳಿಲ್ಲ ಅತ್ತೆ."

"ಈ ಊರಲ್ಲಿ ಬೇಕರೀಲಿ ನಿಲ್ಲೋರು ಎಷ್ಟು ಜನ ಇದಾರೆ? ಗಂಡ ಜರ್ಮನೀಲಿರೋರು?"

ಹೆಸರು ಹೇಳಿರಲಿಲ್ಲ. ಅದು ನಿಜ. ಆದರೆ ಬ್ರೆಡ್ ಚೀಲ ಹೊತ್ತು ಬರುವಾಗ ಗೇಟಿನ ತನಕ ಅದೊಂದನ್ನೇ ಹೇಳಿಕೊಳ್ಳುತ್ತಿದ್ದೆ.


ನವೆಂಬರ್ 15, ಶುಕ್ರವಾರ

ಸರಪಳಿ ತೆಗೆದೆವು. ಶಿಕ್ಷಣ ಕಚೇರಿಯಿಂದ ಉತ್ತರ ಬಂತು. ನಮ್ಮ ಸೂಕ್ಷ್ಮ ಮನಸ್ಸನ್ನು ಮೆಚ್ಚಿದ್ದಾರೆ. ಇಡೀ ಶಾಲೆಗೆ ವ್ಯಾಯಾಮದ ಹಾಲ್‌ನಲ್ಲಿ ಒತ್ತಡ ನಿವಾರಣೆಯ ಕುರಿತು ಒಂದು ಗಂಟೆಯ ಉಪನ್ಯಾಸ ಇಡುತ್ತಾರಂತೆ. ಪಾಸ್ಚಾಲಿಸ್ "ಒಂದು ಪಿರಿಯಡ್ ತಪ್ಪುತ್ತಲ್ಲ, ಅದೇ ಗೆಲುವು" ಅಂದ. ಎಲ್ಲರೂ ಮನೆಗೆ ಹೊರಟಿದ್ದರು. ಬೆಂಚುಗಳನ್ನು ವಾಪಸ್ಸು ಹೊತ್ತವರು ನಾನು ಮತ್ತು ಇನ್ನಿಬ್ಬರು.


ನವೆಂಬರ್ 19, ಮಂಗಳವಾರ

ಮಂಗಳವಾರದ ಕೋಣೆಗೆ ಬೀಗ. ಕಿಟಕಿಯಿಂದ ನೋಡಿದರೆ ಕುರ್ಚಿಗಳಿಲ್ಲ, ಆ ಜಾಗದಲ್ಲೂ ಚಾಪೆ ಪೇರಿಸಿದ್ದಾರೆ.

ಹೆಡ್‌ಮಾಸ್ತರರ ಕೋಣೆಗೆ ಹೋದೆ. ಅವರು ಕಾಫಿ ಕುಡಿಯುತ್ತಿದ್ದರು.

"ಥೆಕ್ಲಾ ಮೇಡಂ ಅವರ ಮಂಗಳವಾರವನ್ನ ಹಳ್ಳಿ ಶಾಲೆ ಒಂದಕ್ಕೆ ಕೊಟ್ಟಿದಾರಮ್ಮ. ಕಚೇರಿಯವರು ಲೆಕ್ಕ ನೋಡ್ತಾರೆ. ಸತತ ಎರಡು ವಾರ ನಮ್ಮಲ್ಲಿ ಒಂದು ಮಗೂನೂ ಬಂದಿಲ್ಲ ಅಂತ ಇದೆ. ಬೇಡಿಕೆ ಇಲ್ಲದ ಕಡೆ ಯಾಕೆ ಕಳಿಸ್ತಾರೆ?"

"ಬೇಡಿಕೆ ಇಲ್ವಾ? ನಾವು ಅದಕ್ಕೇ ಅಲ್ವಾ ಸರ್... ಗೇಟು ಮುಚ್ಚಿತ್ತು ಸರ್."

"ಹೌದು. ಯಾರು ಮುಚ್ಚಿದ್ರು?"

ಅವರು ಅಣಕಿಸಲಿಲ್ಲ. ನಿಜವಾಗಿ ಕೇಳುವವರ ಹಾಗೆ ಕೇಳಿ, ನಾನು ನಿಂತೇ ಇರುವುದು ನೋಡಿ, ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.


ನವೆಂಬರ್ 21, ಗುರುವಾರ

ಟ್ಯೂಷನ್ ತಪ್ಪಿಸಿ ಶಿಕ್ಷಣ ಕಚೇರಿಗೆ ಹೋದೆ. ಆ ಟೇಬಲ್ ಅಲ್ಲ, ಈ ಟೇಬಲ್. ಇವರಲ್ಲ, ಅವರು. ಅವರು ಊಟಕ್ಕೆ ಹೋಗಿದ್ದಾರೆ. ಕೊನೆಗೆ ಒಬ್ಬಳು ಹೆಂಗಸು, "ಬರುವ ಸೆಪ್ಟೆಂಬರಿಗೆ ಹೊಸ ಹಂಚಿಕೆ ಆಗುತ್ತೆ, ಆಗ ಹೇಳಿ ಕಂದಾ" ಅಂದಳು. ಬೈಯಲು ಸಿದ್ಧವಾಗಿ ಹೋಗಿದ್ದೆ. ಅವಳು ಕಂದಾ ಅಂದದ್ದರಿಂದ ಬೈಯಲಾಗಲಿಲ್ಲ.

ಥೆಕ್ಲಾ ಮೇಡಂಗೆ ಫೋನ್ ಮಾಡಿದೆ. ಕ್ಷಮೆ ಕೇಳಬೇಕೆಂದು ನಾಲ್ಕು ವಾಕ್ಯ ಬಾಯಿಪಾಠ ಮಾಡಿದ್ದೆ. ಒಂದನ್ನೂ ಹೇಳಲು ಬಿಡಲಿಲ್ಲ. "ನನ್ನದೇ ಒಂದು ವರ್ಷದ ಕೆಲಸ ಕಣಮ್ಮ, ಮುಂದಿನ ವರ್ಷ ಸರ್ಕಾರ ನನ್ನನ್ನ ಯಾವ ದ್ವೀಪಕ್ಕೆ ಹಾಕುತ್ತೋ ಯಾರಿಗ್ಗೊತ್ತು. ಅರ್ಗಿರೋ ಹೆಸರನ್ನ ಜಿಲ್ಲಾ ಕೇಂದ್ರದ ಸರ್ಕಾರಿ ಮಕ್ಕಳ ಚಿಕಿತ್ಸಾಲಯಕ್ಕೆ ಬರೆಸು, ಅಲ್ಲಿ ಹಣ ತಗೊಳ್ಳಲ್ಲ. ಇವತ್ತೇ ಬರೆಸು" ಅಂದರು. ಆಮೇಲೆ, "ಅವಳು ಊಟ ಮಾಡ್ತಿದಾಳಾ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ.


ನವೆಂಬರ್ 26, ಮಂಗಳವಾರ

ಅವಳ ಮನೆಗೆ ಹೋದೆ. ಅಮ್ಮ ಬಾಗಿಲು ತೆಗೆದು, ನನ್ನನ್ನು ನೋಡಿ, ಪಕ್ಕಕ್ಕೆ ಸರಿದಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ.

ಅರ್ಗಿರೋ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ದಪ್ಪ ಉಣ್ಣೆಯ ಕಾಲುಚೀಲ, ಒಂದರ ಹಿಮ್ಮಡಿ ತೂತಾಗಿದೆ. ಎರಡು ವಾರದಿಂದ ಅವಳು ಮನೆಯಿಂದ ಹೊರಗೆ ಕಾಲಿಟ್ಟಿಲ್ಲ. ಮೆಟ್ಟಿಲಿಳಿದರೆ ಎದೆ ಹಿಡಿಯುತ್ತದಂತೆ.

"ಸರ್ಕಾರಿ ಚಿಕಿತ್ಸಾಲಯದಲ್ಲಿ ನಿನ್ನ ಹೆಸರು ಬರೆಸಿದೀನಿ. ಬೇಕರಿಗೆ ಹೋಗಿ ನಿಮ್ಮಮ್ಮನ ಸಹಿ ತಗೊಂಡೆ" ಅಂದೆ.

"ಯಾವಾಗ ಬರ್ಬೇಕಂತೆ?"

"ಮೇ."

ಅವಳು ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡಳು. ಆಮೇಲೆ ಗೋಡೆಗೇ ಹೇಳಿದಳು: "ನಿನ್ನ ಭಾಷಣ ಚೆನ್ನಾಗಿತ್ತು. ನಾನು ಕೇಳಿದೆ. ಧ್ವಜಕಂಬದ ಹಿಂದೆ ಇದ್ದೆ."

"ಅರ್ಗಿರೋ..."

"ನಾನೂ ಕೈ ಎತ್ತಿದೆ. ಎತ್ತದೆ ಹೋದ್ರೆ ನಾನೇ ಅಂತ ಗೊತ್ತಾಗಿಬಿಡುತ್ತೆ ಅಂತ."

ನಾನು ಕೂತಿದ್ದೆ. ಅವಳಮ್ಮ ಒಂದು ಬಟ್ಟಲು ಸೂಪ್ ತಂದಿಟ್ಟಳು, ಅದು ತಣ್ಣಗಾಯಿತು. ಅವಳಮ್ಮ ಅದನ್ನು ತೆಗೆದುಕೊಂಡು ಹೋಗಿ ಬಿಸಿ ಮಾಡಿ ಮತ್ತೆ ತಂದಳು.


ನವೆಂಬರ್ 30, ಶನಿವಾರ

ಹೋಗಿದ್ದೆ. ಎರಡು ಚಮಚ ಸೂಪ್ ಕುಡಿದಳು.


ಡಿಸೆಂಬರ್ 4, ಬುಧವಾರ

ಹೋಗಿದ್ದೆ. ಏನೂ ತಿನ್ನಲಿಲ್ಲ. ಕಾಲುಚೀಲದ ತೂತನ್ನು ಹೊಲಿದೆ. ನನಗೆ ಹೊಲಿಯಲು ಬರುವುದಿಲ್ಲ, ಗಂಟು ಗಂಟಾಯಿತು. "ಇದು ಹಿಮ್ಮಡಿಗೆ ಚುಚ್ಚುತ್ತೆ ಕಣೇ" ಅಂದಳು. ತೆಗೆಯಲಿಲ್ಲ.

ಶಾಲೆಯಲ್ಲಿ ಉಪನ್ಯಾಸ ನಡೆಯಿತಂತೆ. ಕಣ್ಣು ಮುಚ್ಚಿ ಸಮುದ್ರ ನೆನೆಸಿಕೊಳ್ಳಿ ಅಂದರಂತೆ. ಪಾಸ್ಚಾಲಿಸ್ ಗೊರಕೆ ಹೊಡೆದನಂತೆ. ನಾನು ಹೋಗಿರಲಿಲ್ಲ.


ಡಿಸೆಂಬರ್ 10, ಮಂಗಳವಾರ

ಬೀದಿಯವರೆಗೆ ಹೋಗಿ ಬರೋಣ ಎಂದು ನಾನು ಕೇಳಲಿಲ್ಲ. ಅವಳೇ ಕೋಟು ಹಾಕಿಕೊಂಡಳು. ಅವಳಮ್ಮ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕೇಳುತ್ತಾ ನಿಂತಳು.

ಮೂರನೇ ಮಹಡಿಯಿಂದ ಎರಡನೇ ಮಹಡಿಗೆ ಇಳಿದೆವು. ಅಲ್ಲಿ ಅವಳು ಕಂಬಿ ಹಿಡಿದು ನಿಂತಳು. ಬೆರಳು ಬೆಳ್ಳಗಾದವು. ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನೂ ಕೂತೆ. ಮೇಡಂ ಆ ದಿನ ಅವಳ ಪಕ್ಕ ಕೂತು ಏನು ಮಾಡಿದ್ದರು ಎಂದು ನೆನಪಿಸಿಕೊಳ್ಳಲು ನೋಡಿದೆ. ಏನೂ ಮಾಡಿರಲಿಲ್ಲ ಅನ್ನಿಸುತ್ತದೆ. ಅಥವಾ ಏನೋ ಮಾಡಿದ್ದರು, ನನಗೆ ಕಂಡಿರಲಿಲ್ಲ.

ಆ ಮಹಡಿಯ ಮನೆಯ ಅಜ್ಜಿ ತರಕಾರಿ ಚೀಲ ಹಿಡಿದು ಏದುಸಿರು ಬಿಡುತ್ತಾ ಹತ್ತಿ ಬಂದಳು. ನಮ್ಮನ್ನು ನೋಡಿ ನಿಂತಳು.

"ಯಾರಿಗೆ ಕಾಯ್ತಿದೀರೇ ಇಲ್ಲಿ?"

"ಮೇ ತಿಂಗಳಿಗೆ" ಅಂದಳು ಅರ್ಗಿರೋ.

ಅಜ್ಜಿಗೆ ಅರ್ಥವಾಗಲಿಲ್ಲ. ನನಗೆ ನಗು ಬಂತು, ನಗಬಾರದು ಅನ್ನಿಸಿತು, ಅಷ್ಟರಲ್ಲಿ ಅರ್ಗಿರೋಳೇ ಮೂಗಿನಲ್ಲಿ ಸಣ್ಣಗೆ ನಕ್ಕಳು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಅವಳ ಭುಜ ಅಲುಗುತ್ತಿತ್ತು.

"ಯಾರಿಗಾದ್ರೂ ಕಾಯಿರಿ, ತಣ್ಣನೆ ಕಲ್ಲಿನ ಮೇಲೆ ಹೆಣ್ಣುಮಕ್ಕಳು ಕೂರಬಾರದು" ಎಂದು ಅಜ್ಜಿ ಒಳಗಿನಿಂದ ಒಂದು ಹಳೇ ಕಂಬಳಿ ತಂದು ಕೊಟ್ಟು, ಬಾಗಿಲು ಹಾಕಿಕೊಂಡಳು. ಅದನ್ನು ಮಡಚಿ ಇಬ್ಬರ ಕೆಳಗೂ ಹಾಸಿದೆ.

ಮೆಟ್ಟಿಲಿನ ದೀಪ ಸ್ವಲ್ಪ ಹೊತ್ತಿಗೆ ತಾನಾಗಿ ಆರುತ್ತದೆ. ಆರಿದಾಗಲೆಲ್ಲ ನಾನು ಎದ್ದು ಹೋಗಿ ಗುಂಡಿ ಒತ್ತಿ ಬರುತ್ತಿದ್ದೆ. ಹಲವು ಸಲ ಹೀಗಾಯಿತು. ಕೊನೆಗೆ ಅವಳು ನನ್ನ ತೋಳು ಹಿಡಿದು ಕೂರಿಸಿದಳು.

"ಬಿಡೇ, ಆರಲಿ."

ಬಿಟ್ಟೆ. ಕತ್ತಲಲ್ಲಿ ಅವಳ ಉಸಿರು ಕೇಳಿಸುತ್ತಿತ್ತು, ಒಮ್ಮೆ ಸಿಕ್ಕಿಕೊಂಡು, ಒಮ್ಮೆ ಬಿಡಿಸಿಕೊಂಡು. ಅವಳಮ್ಮ ಮೇಲಿನಿಂದ ಕರೆಯುವವರೆಗೂ ನಾನು ಏನೂ ಹೇಳಲಿಲ್ಲ.